ಎದೆಯೊಳಗಿನ ಗಡಗಡೆ: ಹಕ್ಕಿಯ ರೆಕ್ಕೆಯನ್ನು ಮೇಲೆತ್ತುವುದು ಯಾರು?

ಪ್ರಶ್ನೆ: ಮನೆಗೆ ನಾಟಿಕೋಳಿ ತಂದರೆ ಕೊಯ್ದು ತುಂಡು ಮಾಡುವ ಕೆಲಸ ಮೊದಲಿಂದಲೂ ನನ್ನದೇ. ಮೊನ್ನೆ ಭಾನುವಾರ ಏಳನೇ ಕ್ಲಾಸಿನ ಮಗಳು ಪಕ್ಕದಲ್ಲಿ ಕೂತು ನೋಡುತ್ತಿದ್ದಳು. "ಅಪ್ಪಾ, ಎದೆಯಲ್ಲಿ ಇಷ್ಟೊಂದು ಮಾಂಸ ಇದೆ. ಅದು ರೆಕ್ಕೆ ಕೆಳಗೆ ಬಡಿಯೋಕೆ ಅಂತ ಮಿಸ್ ಹೇಳಿದ್ರು. ಬೆನ್ನಲ್ಲಿ ನೋಡಿದ್ರೆ ಬರೀ ಎಲುಬು. ಹಾಗಾದ್ರೆ ರೆಕ್ಕೆನ ಮೇಲೆ ಎತ್ತೋದು ಯಾರು?" ಅಂದಳು. ನನಗೆ ಉತ್ತರ ಗೊತ್ತಾಗಲಿಲ್ಲ. ಅವಳ ಪ್ರಶ್ನೆ ಜೊತೆ ನನ್ನವೂ ಎರಡಿವೆ. ಕೋಳಿಯ ಎದೆ ಮಾಂಸ ಬೆಳ್ಳಗಿರುತ್ತದೆ, ಪಾರಿವಾಳದ್ದು ಕಡುಕೆಂಪು. ಯಾಕೆ? ಇನ್ನೊಂದು, ಹೋದ ಆಷಾಢದಲ್ಲಿ ಗಾಳಿಪಟದ ದಾರಕ್ಕೆ ಸಿಕ್ಕ ಹದ್ದೊಂದು ನಮ್ಮ ತಾರಸಿ ಮೇಲೆ ಬಿದ್ದಿತ್ತು. ಎಲುಬು ಮುರಿದಿರಲಿಲ್ಲ. ರೆಕ್ಕೆಯ ಮುಂದಿನ ಚರ್ಮ ಒಂದಿಷ್ಟು ಸೀಳಿತ್ತು, ಅಷ್ಟೆ. ಅರಿಶಿನ ಹಚ್ಚಿ, ಬಟ್ಟೆ ಸುತ್ತಿ, ಎರಡು ವಾರ ಇಟ್ಟುಕೊಂಡಿದ್ದೆವು. ಗಾಯ ಮಾಯಿತು. ಹದ್ದು ಮಾತ್ರ ಹಾರಲಿಲ್ಲ. ಎಲ್ಲಿ ತಪ್ಪಾಯಿತು?
— ಒಬ್ಬ ಓದುಗರು, ತುಮಕೂರು

ಉತ್ತರ: ಮೊದಲು ನಿಮ್ಮ ಮಗಳಿಗೆ ನನ್ನ ಕಡೆಯಿಂದ ಶಾಭಾಷ್ ಹೇಳಿ. ನಾನು ಪಶುವೈದ್ಯ ವಿದ್ಯಾರ್ಥಿಗಳಿಗೆ ಹಕ್ಕಿಗಳ ಅಂಗರಚನೆ ಪಾಠ ಮಾಡಿದವನು. ಸ್ನಾಯುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದವರು ತುಂಬಾ ಜನ ಇದ್ದರು. ಎದೆ ನೋಡಿ, ಆಮೇಲೆ ಬೆನ್ನು ತಿರುಗಿಸಿ ನೋಡಿ, "ಇದು ಲೆಕ್ಕಕ್ಕೆ ಸಿಗ್ತಿಲ್ವಲ್ಲ" ಅಂದವರು ಬಹಳ ಕಮ್ಮಿ. ಅವಳ ಕಣ್ಣು ಸರಿಯಾದ ಜಾಗಕ್ಕೇ ಹೋಗಿದೆ.

ಒಂದೇ ಮಾತಲ್ಲಿ ಹೇಳುವುದಾದರೆ, ರೆಕ್ಕೆಯನ್ನು ಮೇಲೆತ್ತುವ ಮುಖ್ಯ ಸ್ನಾಯು ಕೂಡ ಎದೆಯಲ್ಲೇ ಇದೆ. ಕೆಳಗೆ ಬಡಿಯುವ ಸ್ನಾಯುವಿನ ಅಡಿಯಲ್ಲೇ ಅಡಗಿ ಕೂತಿದೆ. ಅದು ಎಳೆಯುವುದು ಕೆಳಗಡೆಗೆ. ರೆಕ್ಕೆ ಹೋಗುವುದು ಮೇಲಕ್ಕೆ. ಹೇಗೆ ಅಂದರೆ, ಬಾವಿಯಲ್ಲಿ ನೀರು ಸೇದುವುದನ್ನು ನೆನಪು ಮಾಡಿಕೊಳ್ಳಿ. ನೀವು ಹಗ್ಗವನ್ನು ಕೆಳಗೆ ಜಗ್ಗುತ್ತೀರಿ, ಕೊಡ ಮೇಲೆ ಬರುತ್ತದೆ. ನಡುವೆ ಗಡಗಡೆ ಇದೆ. ಹಕ್ಕಿಯ ಹೆಗಲಿನಲ್ಲೂ ಅಂಥದ್ದೇ ಒಂದು ಗಡಗಡೆ ಇದೆ. ತಿರುಗುವ ಚಕ್ರ ಇಲ್ಲ, ಎಲುಬಿನ ಸಂದಿಯಲ್ಲಿ ನುಣುಪಾದ ಒಂದು ದಾರಿ ಇದೆ ಅಷ್ಟೆ. ಕೆಲಸ ಮಾತ್ರ ಅದೇ.

ಇದನ್ನು ಓದಿ ಒಪ್ಪಿಕೊಳ್ಳುವುದಕ್ಕಿಂತ ಕೈಯಾರೆ ನೋಡುವುದು ಒಳ್ಳೆಯದು. ಮುಂದಿನ ಸಲ ಕೋಳಿ ತಂದಾಗ ತುಂಡು ಮಾಡುವ ಮುಂಚೆ ಹತ್ತು ನಿಮಿಷ ಬಿಡುವು ಮಾಡಿಕೊಳ್ಳಿ. ಚರ್ಮ ತೆಗೆದ ಇಡೀ ಕೋಳಿ ಬೇಕು, ರೆಕ್ಕೆಗಳು ಹಾಗೇ ಇರಲಿ. ಅಂಗಾತ ಮಲಗಿಸಿ. ಎದೆಯ ನಡುವೆ ಬೆರಳಾಡಿಸಿದರೆ ದೋಣಿಯ ತಳದಂತೆ ಎದ್ದು ನಿಂತ ಒಂದು ಎಲುಬಿನ ಏಣು ಸಿಗುತ್ತದೆ. ಅದರ ಒಂದು ಪಕ್ಕಕ್ಕೆ ಚಾಕುವಿನ ತುದಿ ಇಟ್ಟು ಉದ್ದಕ್ಕೂ ಗೀರಿ, ಮೇಲಿನ ದಪ್ಪ ಮಾಂಸವನ್ನು ಬೆರಳಿನಿಂದಲೇ ನಿಧಾನಕ್ಕೆ ಬಿಡಿಸುತ್ತಾ ಹೋಗಿ. ಹೆಗಲಿನ ಕಡೆ ಮಾತ್ರ ಕತ್ತರಿಸಬೇಡಿ. ಇದು ದೊಡ್ಡ ಎದೆಸ್ನಾಯು. ಶಾಸ್ತ್ರದಲ್ಲಿ ಪೆಕ್ಟೊರಾಲಿಸ್ ಅನ್ನುತ್ತಾರೆ. ಇದನ್ನು ಹಿಡಿದು ಏಣಿನ ಕಡೆಗೆ ಎಳೆಯಿರಿ. ರೆಕ್ಕೆ ಕೆಳಗೆ ಬರುತ್ತದೆ, ಜೊತೆಗೆ ತುಸು ಮುಂದಕ್ಕೂ ಬರುತ್ತದೆ.

ಈಗ ಅದರ ಅಡಿಯಲ್ಲಿ ನೋಡಿ. ಏಣಿಗೆ ಒತ್ತಿಕೊಂಡು, ಮೀನಿನ ಆಕಾರದ ಇನ್ನೊಂದು ಉದ್ದನೆಯ ಮಾಂಸದ ತುಂಡು ಪ್ರತ್ಯೇಕವಾಗಿ ಕೂತಿರುತ್ತದೆ. ತೆಳ್ಳನೆ ಪೊರೆ ಸುತ್ತಿಕೊಂಡಿರುತ್ತದೆ. ಹೋಟೆಲಿನವರು ಚಿಕನ್ ಟೆಂಡರ್ ಅಂತ ಬೇರೆಯಾಗಿ ಮಾರುವುದು ಇದನ್ನೇ. ಹೆಗಲಿನ ಕಡೆಯ ತುದಿಯಲ್ಲಿ ಇದು ಸಣ್ಣಗಾಗುತ್ತಾ ಹೋಗಿ, ಹೊಳೆಯುವ ಬಿಳೀ ನಾರಾಗುತ್ತದೆ. ಬೇಯಿಸಿದಾಗ ಹಲ್ಲಿಗೆ ಸಿಗುವ ಗಟ್ಟಿ ನಾರು ಇದೆಯಲ್ಲ, ಅದೇ. ಆ ಮಾಂಸವನ್ನು ಬೆರಳುಗಳಲ್ಲಿ ಹಿಡಿದು ಬಾಲದ ಕಡೆಗೆ ಮೆಲ್ಲಗೆ ಜಗ್ಗಿ. ರೆಕ್ಕೆ ಮೇಲೇಳುತ್ತದೆ. ಮಗಳ ಕೈಯಲ್ಲೇ ಮಾಡಿಸಿ. ಮೊದಲ ಸಲ ನೋಡಿದವರು ಯಾರೂ ಒಂದೇ ಸಲಕ್ಕೆ ಬಿಡುವುದಿಲ್ಲ, ಮತ್ತೆ ಮತ್ತೆ ಜಗ್ಗುತ್ತಾರೆ. ಇಷ್ಟು ವರ್ಷ ಆದಮೇಲೂ ನನಗೆ ಹಾಗೇ ಆಗುತ್ತದೆ.

ಈ ಒಳಗಿನ ಸ್ನಾಯುವಿನ ಹೆಸರು ಸುಪ್ರಾಕೊರಕಾಯ್ಡಿಯಸ್. ಹೆಸರು ಉದ್ದ ಅಂತ ನಾನಿಲ್ಲಿ ಎತ್ತುಸ್ನಾಯು ಅಂತಲೇ ಕರೆಯುತ್ತೇನೆ. ಬಿಳೀ ನಾರಿನ ಜಾಡು ಹಿಡಿದು ಹೋದರೆ ಗಡಗಡೆ ಸಿಗುತ್ತದೆ. ಹೆಗಲಿನ ಹತ್ತಿರ ಮೂರು ಎಲುಬುಗಳ ತುದಿ ಸೇರುತ್ತವೆ. ಒಂದು, ಬೆನ್ನಿನ ಮೇಲೆ ಕತ್ತಿಯ ಹಾಗೆ ಮಲಗಿದ ಹೆಗಲೆಲುಬು. ಇನ್ನೊಂದು, ಎದೆಯೆಲುಬಿನಿಂದ ಹೆಗಲಿಗೆ ಊರುಗೋಲಿನಂತೆ ನಿಂತ ಗಟ್ಟಿ ಎಲುಬು, ಇದನ್ನು ಕೊರಕಾಯ್ಡ್ ಅನ್ನುತ್ತಾರೆ. ಮೂರನೆಯದು ಕುತ್ತಿಗೆಯ ಬುಡದಲ್ಲಿ ವಿ ಆಕಾರದಲ್ಲಿರುವ ಕವಲೆಲುಬು. ಈ ಮೂರೂ ಸೇರಿದ ಕಡೆ ನಡುವೆ ಒಂದು ಸಣ್ಣ ಕಿಂಡಿ ಉಳಿಯುತ್ತದೆ. ಎತ್ತುಸ್ನಾಯುವಿನ ನಾರು ಕೆಳಗಿನಿಂದ ಬಂದು, ಆ ಕಿಂಡಿಯಲ್ಲಿ ತೂರಿ, ಆಚೆ ಬದಿಯಲ್ಲಿ ತಿರುಗಿ, ತೋಳಿನ ಎಲುಬಿನ ಮೇಲ್ಗಡೆ ಅಂಟಿಕೊಳ್ಳುತ್ತದೆ. ದೊಡ್ಡ ಎದೆಸ್ನಾಯು ಅದೇ ತೋಳೆಲುಬಿಗೆ ಕೆಳಗಡೆಯಿಂದ ಅಂಟಿಕೊಂಡಿದೆ. ಎರಡೂ ಎದೆಯಿಂದಲೇ ಎಳೆಯುತ್ತವೆ. ಒಂದು ನೇರವಾಗಿ, ಇನ್ನೊಂದು ಸುತ್ತಿ ಬಂದು. ಸಾರು ಮಾಡಿ ಉಂಡ ಮೇಲೆ ಹೆಗಲಿನ ಎಲುಬುಗಳು ಸೇರಿಕೊಂಡೇ ಉಳಿದಿದ್ದರೆ ಆ ಕಿಂಡಿಯಲ್ಲಿ ಒಂದು ಊದಿನಕಡ್ಡಿ ತೂರಿಸಿ ನೋಡಬಹುದು.

ನಾರು ಸುತ್ತಿಕೊಂಡು ಬಂದು ಅಂಟಿರುವುದರಿಂದ ಇನ್ನೊಂದು ಕೆಲಸವೂ ಆಗುತ್ತದೆ. ಅದು ತೋಳೆಲುಬನ್ನು ಎತ್ತುವುದರ ಜೊತೆಗೆ ತಿರುಚುತ್ತದೆ ಕೂಡ. ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ, ಎಲುಬು ತನ್ನ ಉದ್ದದ ಸುತ್ತಲೇ ತಿರುಗುತ್ತದೆ. ಯುರೋಪಿನ ಸ್ಟಾರ್ಲಿಂಗ್ ಹಕ್ಕಿಗಳಲ್ಲಿ ಈ ಸ್ನಾಯುವಿನ ಬಲವನ್ನು ಅಳೆದ ಅಧ್ಯಯನವೊಂದು 1997ರಲ್ಲಿ ಬಂತು. ನಮ್ಮ ಗೊರವಂಕಗಳ ಕುಟುಂಬದ ಹಕ್ಕಿ ಅದು. ಈ ಸ್ನಾಯುವಿಗೆ ಎತ್ತುವುದಕ್ಕಿಂತ ತಿರುಚುವುದರಲ್ಲೇ ಬಲ ಜಾಸ್ತಿ ಅಂತ ಅದರಲ್ಲಿ ಕಂಡುಬಂತು. ತಿರುಚುವುದು ಯಾಕೆ ಬೇಕು? ಕೆಳಗೆ ಬಡಿದ ರೆಕ್ಕೆಯನ್ನು ಅದೇ ಭಂಗಿಯಲ್ಲಿ ಮೇಲೆತ್ತಿದರೆ ಅದು ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಹಕ್ಕಿ ಕೆಳಗೆ ಇಳಿಯುತ್ತದೆ. ಈಗಷ್ಟೇ ಗಳಿಸಿದ್ದನ್ನು ಕಳೆದುಕೊಂಡ ಹಾಗೆ. ಅದಕ್ಕೇ ರೆಕ್ಕೆಯನ್ನು ಅರ್ಧ ಮಡಚಿ, ಮುಂದಿನ ಅಂಚನ್ನು ತಿರುಗಿಸಿ, ಗಾಳಿಗೆ ಆದಷ್ಟು ಕಮ್ಮಿ ತಾಗುವಂತೆ ಎತ್ತಬೇಕು. ಕೈ ಬೀಸಿ ಈಜುವವರು ಅಂಗೈ ಬಿಚ್ಚಿ ನೀರು ತಳ್ಳಿ, ವಾಪಸ್ ತರುವಾಗ ಕೈಯನ್ನು ನೀರಿನಿಂದ ಆಚೆ ಎತ್ತಿ ತರುತ್ತಾರಲ್ಲ, ಅದೇ ಉಪಾಯ.

ಎತ್ತುಸ್ನಾಯು ಬೆನ್ನಿನ ಮೇಲೆ ಯಾಕಿಲ್ಲ ಅನ್ನುವುದಕ್ಕೆ ಪಠ್ಯಗಳಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಇದು: ಭಾರ ಕೆಳಗಿದ್ದರೆ ಹಾರುವಾಗ ಮೈ ಮಗುಚುವುದಿಲ್ಲ. ಅದು ಸುಳ್ಳಲ್ಲ. ಆದರೆ ಅದೇ ಪೂರ್ತಿ ಕಾರಣ ಅಂತ ನನಗೆ ಅನಿಸುವುದಿಲ್ಲ. ಬಾವಲಿಯನ್ನು ನೋಡಿ. ಅದು ರೆಕ್ಕೆ ಎತ್ತುವುದು ಬೆನ್ನು ಮತ್ತು ಹೆಗಲಿನ ಮೇಲಿನ ಸ್ನಾಯುಗಳಿಂದಲೇ. ಗಡಗಡೆ ಗಿಡಗಡೆ ಏನೂ ಇಲ್ಲ. ಆದರೂ ಕತ್ತಲಲ್ಲಿ ಹುಳ ಹಿಡಿಯುವಷ್ಟು ಚುರುಕಾಗಿ ಹಾರುತ್ತದೆ. ಹಾಗಾಗಿ ಹಕ್ಕಿಯ ಈ ಏರ್ಪಾಡಿಗೆ ಅದರ ವಂಶದ ಕಥೆಯೂ ಕಾರಣ ಅನ್ನುವುದು ನನ್ನ ನಂಬಿಕೆ. ಇದೇ ಸ್ನಾಯು ಹಲ್ಲಿ, ಓತಿಕ್ಯಾತಗಳಲ್ಲೂ ಇದೆ. ಅವುಗಳಲ್ಲೂ ಎದೆಯ ಅಡಿಯಲ್ಲೇ ಇದೆ, ಮುಂಗಾಲನ್ನು ಕೆಳಗೆ, ಮುಂದಕ್ಕೆ ಎಳೆಯುತ್ತದೆ. ಹಕ್ಕಿಗಳ ಪೂರ್ವಜರಲ್ಲಿ ಕೊರಕಾಯ್ಡ್ ಎಲುಬಿನ ತುದಿ ಕಾಲಕಾಲಕ್ಕೆ ಮೇಲಕ್ಕೆ ಬೆಳೆಯುತ್ತಾ ಹೋಯಿತು. ಅದರ ಮೇಲೆ ಹಾದು ಹೋಗುವ ನಾರಿನ ದಾರಿಯೂ ಮೇಲಕ್ಕೆ ಸರಿಯುತ್ತಾ ಹೋಯಿತು. ಒಂದು ಹಂತದಲ್ಲಿ ಎಳೆತದ ದಿಕ್ಕೇ ತಿರುಗಿಬಿಟ್ಟಿತು. ಸ್ನಾಯು ಇದ್ದಲ್ಲೇ ಇದೆ, ಹಗ್ಗ ಮಾತ್ರ ಗಡಗಡೆ ಏರಿತು. ಜರ್ಮನಿಯಲ್ಲಿ ಸಿಕ್ಕ, ಸುಮಾರು 15 ಕೋಟಿ ವರ್ಷ ಹಳೆಯ ಆರ್ಕಿಯಾಪ್ಟೆರಿಕ್ಸ್ ಪಳೆಯುಳಿಕೆಗಳಲ್ಲಿ ಗರಿ ಇದೆ, ರೆಕ್ಕೆ ಇದೆ. ಆದರೆ ಎದೆಯಲ್ಲಿ ಎಲುಬಿನ ಏಣು ಕಾಣುವುದಿಲ್ಲ. ಈಗಿನ ಹಕ್ಕಿಗಳಂಥ ಪೂರ್ತಿ ಗಡಗಡೆಯೂ ಇಲ್ಲ.

ಇನ್ನು ದೊಡ್ಡ ಎದೆಸ್ನಾಯುವಿನ ವಿಷಯಕ್ಕೆ ಬರೋಣ. ಹಾರುವ ಶಕ್ತಿಯ ಬಹುಪಾಲು ಇದರದ್ದೇ. ಪಾರಿವಾಳದಲ್ಲಿ ಎರಡೂ ಬದಿ ಸೇರಿ ಮೈತೂಕದ ಸುಮಾರು ಐದನೇ ಒಂದು ಭಾಗ ಈ ಸ್ನಾಯುವೇ. ಎತ್ತುಸ್ನಾಯು ಅದಕ್ಕಿಂತ ತುಂಬಾ ಚಿಕ್ಕದು. ಪಾರಿವಾಳ ಸೆಕೆಂಡಿಗೆ ಸುಮಾರು 8 ಸಲ ರೆಕ್ಕೆ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಈ ಸ್ನಾಯು ತನ್ನ ಉದ್ದದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗದಷ್ಟು ಕುಗ್ಗುತ್ತದೆ. ಮೈಯ ಸ್ನಾಯುಗಳಿಗೆ ಇದು ದೊಡ್ಡ ಕುಗ್ಗುವಿಕೆ.

ಇದರ ಸಮಯಪಾಲನೆ ಬಹಳ ಚೆಂದ. ರೆಕ್ಕೆ ಪೂರ್ತಿ ಮೇಲೆ ಹೋಗಿ ನಿಂತ ಮೇಲೆ ಎದೆಸ್ನಾಯು ಕೆಲಸ ಶುರು ಮಾಡುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ರೆಕ್ಕೆ ಇನ್ನೂ ಮೇಲೇರುತ್ತಿರುವಾಗಲೇ ಅದು ಬಿಗಿಯಾಗಲು ತೊಡಗುತ್ತದೆ. ಜೋಕಾಲಿ ನಿಮ್ಮ ಕಡೆಗೆ ಬರುತ್ತಿರುವಾಗಲೇ ನೀವು ಕೈ ಕೊಟ್ಟು ಅದರ ಭಾರ ಹಿಡಿದು ಆಮೇಲೆ ತಳ್ಳುತ್ತೀರಲ್ಲ, ಹಾಗೆ. ಮೊದಲು ರೆಕ್ಕೆಯ ಓಟಕ್ಕೆ ತಡೆ ಹಾಕುತ್ತದೆ, ಆ ಬಿಗಿಯಲ್ಲೇ ಕೆಳಗೆ ಎಳೆಯುತ್ತದೆ. ಎತ್ತುಸ್ನಾಯುವೂ ಅಷ್ಟೆ, ರೆಕ್ಕೆ ಕೆಳಗಿಳಿದು ಮುಗಿಯುವ ಮೊದಲೇ ಬಿಗಿಯಾಗುತ್ತದೆ. ಆಗ ಅದರ ಬಿಳೀ ನಾರು ರಬ್ಬರಿನಂತೆ ತುಸು ಹಿಗ್ಗಿ, ಕೆಳಗಿಳಿಯುವ ರೆಕ್ಕೆಯ ಶಕ್ತಿಯಲ್ಲಿ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ರೆಕ್ಕೆ ಮೇಲೇಳುವಾಗ ವಾಪಸ್ ಕೊಡುತ್ತದೆ.

ಇಷ್ಟು ಬಲ ಹಾಕಿ ಎದೆಯನ್ನೂ ತೋಳನ್ನೂ ಒಂದಕ್ಕೊಂದು ಎಳೆದರೆ ಎದೆಗೂಡು ಕುಸಿಯಬೇಕಲ್ವಾ? ಕುಸಿಯದಂತೆ ತಡೆಯುವುದು ಆ ಊರುಗೋಲಿನಂಥ ಕೊರಕಾಯ್ಡ್. ಚಪ್ಪರದ ಕಂಬದ ಹಾಗೆ ಹೆಗಲನ್ನೂ ಎದೆಯೆಲುಬನ್ನೂ ದೂರ ಹಿಡಿದು ನಿಲ್ಲಿಸುತ್ತದೆ. ಕವಲೆಲುಬಿನ ಕೆಲಸ ಬೇರೆ ಥರ. 1988ರಲ್ಲಿ ಅಮೆರಿಕದ ಸಂಶೋಧಕರು ಗಾಳಿಸುರಂಗದಲ್ಲಿ ಸ್ಟಾರ್ಲಿಂಗ್ ಹಾರುವಾಗ ಎಕ್ಸ್‌ರೇ ಚಿತ್ರ ತೆಗೆದರು. ರೆಕ್ಕೆ ಕೆಳಗೆ ಬಡಿದಾಗಲೆಲ್ಲ ಆ ಕವಲಿನ ಎರಡು ತುದಿ ಹೊರಕ್ಕೆ ಅಗಲಿ, ರೆಕ್ಕೆ ಎದ್ದಾಗ ಒಳಕ್ಕೆ ಸೇರುತ್ತಿದ್ದವು. ಇಕ್ಕಳವನ್ನು ಬಿಟ್ಟು ಬಿಟ್ಟು ಹಿಡಿದ ಹಾಗೆ, ಎಲುಬೇ ಸ್ಪ್ರಿಂಗ್ ಆಗಿ ಕುಣಿಯುತ್ತಿತ್ತು. ಎಲ್ಲ ಹಕ್ಕಿಗಳಲ್ಲೂ ಹೀಗಿಲ್ಲ. ಹದ್ದುಗಳಲ್ಲಿ ಕವಲೆಲುಬು ದಪ್ಪ, ಗಟ್ಟಿ, ಅಷ್ಟೇನೂ ಬಳುಕುವುದಿಲ್ಲ.

ಈಗ ನಿಮ್ಮ ಮಗಳು ಖಂಡಿತ ಕೇಳುವ ಮುಂದಿನ ಪ್ರಶ್ನೆ: ಎತ್ತುಸ್ನಾಯುವಿನ ನಾರು ತುಂಡಾದರೆ ಹಕ್ಕಿ ಹಾರುತ್ತದಾ? ಇದನ್ನು ಜರ್ಮನಿಯಲ್ಲಿ ಮಾಡಿ ನೋಡಿದ್ದಾರೆ. 1936ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಪಾರಿವಾಳ ಮತ್ತು ಕಾಗೆಗಳ ಆ ನಾರನ್ನು ಕತ್ತರಿಸಿದ್ದರು. ಅವು ಹಾರಿದವು. ಆದರೆ ಸಮತಟ್ಟಾದ ನೆಲದಿಂದ ಮೇಲೇಳುವುದು ಅವಕ್ಕೆ ಆಗಲಿಲ್ಲ. ಇದರಿಂದ ದೊಡ್ಡ ವಿಷಯ ಗೊತ್ತಾಗುತ್ತದೆ. ವೇಗವಾಗಿ ಮುಂದೆ ಹೋಗುತ್ತಿರುವ ಹಕ್ಕಿಗೆ ಎದುರಿನಿಂದ ಬರುವ ಗಾಳಿಯೇ ರೆಕ್ಕೆಯನ್ನು ಮೇಲಕ್ಕೆ ಎತ್ತಿಕೊಡುತ್ತದೆ. ಹೆಗಲಿನ ಮೇಲಿರುವ ಸಣ್ಣ ಸ್ನಾಯುಗಳ ಸಹಾಯ ಸಾಕಾಗುತ್ತದೆ. ಬೆನ್ನಿನ ಕಡೆ ಏನೂ ಇಲ್ಲ ಅಂತ ಹೇಳಿದ್ದೀರಲ್ಲ, ಪೂರ್ತಿ ಖಾಲಿ ಅಲ್ಲ, ಈ ತೆಳುವಾದ ಸ್ನಾಯುಗಳು ಅಲ್ಲಿವೆ. ಆದರೆ ನೆಲದಿಂದ ಎದ್ದೇಳುವಾಗ ಎದುರುಗಾಳಿ ಇಲ್ಲ. ಆಗ ರೆಕ್ಕೆಯನ್ನು ಹಕ್ಕಿಯೇ ಎತ್ತಬೇಕು, ಅದೂ ಬೇಗ, ಎತ್ತರಕ್ಕೆ, ಸರಿಯಾಗಿ ತಿರುಚಿ. ಗಡಗಡೆ ಇಲ್ಲದೆ ಅದು ನಡೆಯುವುದಿಲ್ಲ.

ಪಾರಿವಾಳ ನೆಲದಿಂದ ಏಳುವಾಗ ಚಪ್ಪಾಳೆ ತಟ್ಟಿದಂತೆ ಪಟಪಟ ಸದ್ದು ಕೇಳಿರುತ್ತೀರಿ. ಎರಡು ರೆಕ್ಕೆಗಳೂ ಬೆನ್ನಿನ ಮೇಲೆ ಒಂದಕ್ಕೊಂದು ತಾಗುವಷ್ಟು ಮೇಲೆ ಹೋಗುತ್ತವೆ. ಅದು ಎತ್ತುಸ್ನಾಯುವಿನ ಸದ್ದು ಅಂತಲೇ ಅಂದುಕೊಳ್ಳಿ. ಹೊಲದಲ್ಲಿ ಕಾಲಬುಡದಿಂದ ಬುರ್ರನೆ ಏಳುವ ಗೌಜಲು, ಒಂದೇ ನೆಗೆತಕ್ಕೆ ಮರ ಹತ್ತುವ ಕಾಡುಕೋಳಿ, ಇವುಗಳಲ್ಲಿ ಎತ್ತುಸ್ನಾಯು ದಪ್ಪವಾಗಿರುತ್ತದೆ. ನಿಮ್ಮ ಕೋಳಿಯಲ್ಲಿ ಆ ಮೀನಿನಾಕಾರದ ತುಂಡು ಅಷ್ಟು ದೊಡ್ಡದಾಗಿರುವುದಕ್ಕೆ ಅದರ ಕಾಡಿನ ವಂಶವೇ ಕಾರಣ. ಅಮೆರಿಕ ಖಂಡದ ಝೇಂಕಾರದ ಹಕ್ಕಿ, ಹಮ್ಮಿಂಗ್‌ಬರ್ಡ್, ಈ ವಿಷಯದಲ್ಲಿ ಎಲ್ಲರಿಗಿಂತ ಮುಂದೆ. ಅದರಲ್ಲಿ ಎತ್ತುಸ್ನಾಯು ಎದೆಸ್ನಾಯುವಿನ ಅರ್ಧದಷ್ಟು ತೂಗುತ್ತದೆ. ಒಂದೇ ಕಡೆ ನಿಂತು ಹಾರುವಾಗ ಅದು ರೆಕ್ಕೆ ಎತ್ತುವಾಗಲೂ ಮೈಭಾರ ಹೊರುತ್ತದೆ. ಒಟ್ಟು ಭಾರದ ಸುಮಾರು ಕಾಲು ಭಾಗ ಹೊರುವುದು ರೆಕ್ಕೆಯ ಮೇಲ್ಮುಖ ಬೀಸು ಅಂತ 2005ರ ಅಧ್ಯಯನವೊಂದರಲ್ಲಿ ಅಳೆದಿದ್ದಾರೆ. ಪೆಂಗ್ವಿನ್ ಗಾಳಿಯಲ್ಲಿ ಹಾರುವುದಿಲ್ಲ ನಿಜ, ಆದರೂ ಅದರ ಎತ್ತುಸ್ನಾಯು ದೊಡ್ಡದೇ. ನೀರಿನೊಳಗೆ ರೆಕ್ಕೆ ಮೇಲೆತ್ತುವುದು ಕೆಳಗೆ ತಳ್ಳುವಷ್ಟೇ ಕಷ್ಟ.

ಇಲ್ಲೇ ಒಂದು ಮಾತು, ಕೋಳಿ ಕೊಯ್ಯುವವರಿಗೆ ಉಪಯೋಗಕ್ಕೆ ಬರಬಹುದು. ಕೆಲವು ಸಲ ಬ್ರಾಯ್ಲರ್ ಕೋಳಿಯ ಎದೆ ಬಿಡಿಸಿದಾಗ ಒಳಗಿನ ಆ ತುಂಡು ಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಯಾರೋ ವಿಷ ಹಾಕಿದ್ದಾರೆ ಅಂತ ಗಾಬರಿ ಬೀಳುವವರಿದ್ದಾರೆ. ವಿಷ ಅಲ್ಲ. ಎತ್ತುಸ್ನಾಯುವಿನ ಒಂದು ಕಡೆ ಎಲುಬು, ಇನ್ನೊಂದು ಕಡೆ ಗಟ್ಟಿ ಪೊರೆ. ಸ್ನಾಯು ಕೆಲಸ ಮಾಡಿದಾಗ ರಕ್ತ ತುಂಬಿ ಉಬ್ಬುತ್ತದೆ. ಎದೆ ದಪ್ಪ ಬರಲಿ ಅಂತ ಬೆಳೆಸಿದ ಕೋಳಿಯಲ್ಲಿ ಉಬ್ಬಲು ಜಾಗವೇ ಸಾಲುವುದಿಲ್ಲ. ಹೆದರಿ ಜೋರಾಗಿ ರೆಕ್ಕೆ ಬಡಿದರೆ ಒಳಗಿನ ಒತ್ತಡಕ್ಕೆ ರಕ್ತದ ಓಡಾಟ ನಿಂತು ಸ್ನಾಯು ಸಾಯುತ್ತದೆ, ದಿನ ಕಳೆದಂತೆ ಹಸಿರಾಗುತ್ತದೆ. ಆ ತುಂಡನ್ನು ತೆಗೆದು ಬಿಸಾಕಿ. ಕೋಳಿಗಳನ್ನು ರೆಕ್ಕೆ ಹಿಡಿದು ನೇತಾಡಿಸಿ ಒಯ್ಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆಗ ಅವುಗಳ ಹೆಗಲಲ್ಲಿ ಏನೇನಾಗುತ್ತಿರುತ್ತದೆ ಅಂತ ಗೊತ್ತಿದ್ದವರಿಗೆ ಅದು ನೋಡಲಾಗದ ದೃಶ್ಯ.

ನಿಮ್ಮ ಎರಡನೇ ಪ್ರಶ್ನೆ, ಮಾಂಸದ ಬಣ್ಣದ್ದು. ಕೆಂಪಿಗೆ ಕಾರಣ ಮಯೋಗ್ಲೋಬಿನ್ ಅನ್ನುವ ಕಬ್ಬಿಣದ ಅಂಶವಿರುವ ವಸ್ತು. ಅದು ಸ್ನಾಯುವಿನೊಳಗೆ ಆಮ್ಲಜನಕ ಹಿಡಿದಿಡುತ್ತದೆ. ಗಂಟೆಗಟ್ಟಲೆ ದುಡಿಯುವ ಸ್ನಾಯುವಿಗೆ ಆಮ್ಲಜನಕ ಸತತವಾಗಿ ಬೇಕು, ಹಾಗಾಗಿ ಅದು ಕೆಂಪು. ಅರೆಗಳಿಗೆ ಜೋರು ಮಾಡಿ ಸುಸ್ತಾಗಿ ಕೂರುವ ಸ್ನಾಯುವಿಗೆ ಅದು ಬೇಡ, ಹಾಗಾಗಿ ಬಿಳಿ. ಕೋಳಿ ಹಾರುವುದು ನಾಯಿ ಅಟ್ಟಿಸಿಕೊಂಡು ಬಂದರೆ ಮಾತ್ರ. ದಿನವಿಡೀ ಕೆದಕುತ್ತಾ ನಡೆಯುವುದು ಕಾಲು. ಅದಕ್ಕೇ ನಾಟಿಕೋಳಿಯ ಲೆಗ್‌ಪೀಸ್ ಕೆಂಪು, ಎದೆ ಬಿಳಿ. ಪಾರಿವಾಳದಲ್ಲಿ ಲೆಕ್ಕ ಬೇರೆ. ಅದು ಮೈಲಿಗಟ್ಟಲೆ ಹಾರುವ ಹಕ್ಕಿ.

ಈ ವಿಷಯದಲ್ಲಿ ನಮ್ಮ ದೇಶದಲ್ಲೇ ದೊಡ್ಡ ಕೆಲಸ ಆಗಿದೆ ಅನ್ನುವುದನ್ನು ಹೇಳದೆ ಮುಂದೆ ಹೋಗಲಾರೆ. 1950ರ ದಶಕದಲ್ಲಿ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಜೆ. ಸಿ. ಜಾರ್ಜ್ ಮತ್ತು ಅವರ ಸಂಗಡಿಗರು ಪಾರಿವಾಳದ ಎದೆಸ್ನಾಯುವನ್ನು ಎಳೆ ಎಳೆಯಾಗಿ ಪರೀಕ್ಷಿಸಿದರು. ಅದರಲ್ಲಿ ಎರಡು ಬಗೆಯ ಎಳೆಗಳಿವೆ ಅಂತ ತೋರಿಸಿದರು. ಸಣ್ಣ ಕೆಂಪು ಎಳೆಗಳು ತುಂಬಾ ಇವೆ, ಅವುಗಳಲ್ಲಿ ಕೊಬ್ಬು ಸಂಗ್ರಹವಾಗಿರುತ್ತದೆ. ದಪ್ಪ ಬಿಳಿ ಎಳೆಗಳು ಕಮ್ಮಿ, ಅವುಗಳಲ್ಲಿ ಇರುವುದು ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು. ಹಕ್ಕಿಗಳು ದೂರ ಹಾರಲು ಕೊಬ್ಬನ್ನೇ ಉರಿಸುತ್ತವೆ ಅನ್ನುವ ತಿಳಿವಳಿಕೆಗೆ ಈ ಕೆಲಸ ಬಲ ಕೊಟ್ಟಿತು. ಸೌದೆ ಒಲೆಗೆ ತೆಂಗಿನ ಗರಿಯನ್ನೂ ಹಾಕಬಹುದು, ಹುಣಸೆ ಕೊರಡನ್ನೂ ಹಾಕಬಹುದು. ಗರಿ ಭಗ್ಗನೆ ಹತ್ತಿ ಆರುತ್ತದೆ, ಕೊರಡು ರಾತ್ರಿಯಿಡೀ ಉರಿಯುತ್ತದೆ. ಪಾರಿವಾಳ ಮೇಲೇಳುವಾಗ ಗರಿ, ಹಾರುತ್ತಾ ಹೋಗುವಾಗ ಕೊರಡು.

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೋ ಮೈಸೂರಿನ ಹತ್ತಿರ ಹದಿನಾರು ಅನ್ನುವ ಊರಿನ ಕೆರೆಗೋ ಹೋದರೆ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಬಹುದು. ಮಗಳನ್ನು ಒಮ್ಮೆ ಕರೆದುಕೊಂಡು ಹೋಗಿ. ಬೆಳಗ್ಗೆ ಹೊಲದಲ್ಲಿ ಮೇಯುವ ಈ ಹಕ್ಕಿಗಳು ಹಿಮಾಲಯ ದಾಟಿ ಬಂದವು. ಮೈಗೆ ಯಂತ್ರ ಕಟ್ಟಿ ಅಳೆದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಅಲ್ಲಿ ಗಾಳಿ ಅಷ್ಟು ತೆಳು, ನಾವು ನಡೆಯಲೂ ಏದುಸಿರು ಬಿಡುತ್ತೇವೆ. ಅವುಗಳ ಎದೆಸ್ನಾಯುವಿನಲ್ಲಿ ರಕ್ತದ ಸೂಕ್ಷ್ಮ ನಾಳಗಳು ಬೇರೆ ಬಾತುಗಳಿಗಿಂತ ಜಾಸ್ತಿ ಇವೆ. ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳು ಆ ನಾಳಗಳಿಗೆ ಹತ್ತಿರವಾಗಿ, ಎಳೆಯ ಅಂಚಿನಲ್ಲೇ ಹೆಚ್ಚು ಕೂತಿರುತ್ತವೆ. ಕಮ್ಮಿ ಆಮ್ಲಜನಕ ಇದ್ದರೂ ಅದು ದಾರಿಯಲ್ಲಿ ಪೋಲಾಗದೆ ಸೇರಬೇಕಾದಲ್ಲಿಗೆ ಸೇರುತ್ತದೆ.

ಇನ್ನು ಹದ್ದು. ರೆಕ್ಕೆಯನ್ನೇ ಬಡಿಯದೆ ಆಕಾಶದಲ್ಲಿ ಸುತ್ತುವ ಹದ್ದಿಗೆ ಸ್ನಾಯುವಿನ ಕೆಲಸವೇ ಇಲ್ಲ ಅಂತ ಅನಿಸಬಹುದು. ಎರಡು ಮೇಜುಗಳ ನಡುವೆ ನಿಂತು, ಒಂದೊಂದರ ಮೇಲೆ ಒಂದೊಂದು ಕೈ ಅಗಲಿಸಿ ಊರಿ, ಕಾಲನ್ನು ನೆಲದಿಂದ ಎತ್ತಿ ನೋಡಿ. ಕೈ ಅಲ್ಲಾಡುತ್ತಿಲ್ಲ, ಆದರೂ ಎದೆ, ಹೆಗಲು ನಡುಗುತ್ತವೆ. ಹದ್ದು ಗಂಟೆಗಟ್ಟಲೆ ಮಾಡುವುದು ಅದನ್ನೇ. ಅದರ ಮೈಭಾರವೆಲ್ಲ ರೆಕ್ಕೆಗಳ ಮೇಲೆ ತೂಗುತ್ತಿದೆ. ಗಾಳಿ ರೆಕ್ಕೆಯನ್ನು ಮೇಲಕ್ಕೆ ಒತ್ತುತ್ತದೆ, ಎದೆಸ್ನಾಯು ಅದನ್ನು ತಡೆದು ಹಿಡಿಯಬೇಕು. ಈ ಹಿಡಿತಕ್ಕೆ ಕೆಲವು ಹಕ್ಕಿಗಳಲ್ಲಿ ಬೇರೆ ಏರ್ಪಾಡೇ ಇದೆ. ಅಮೆರಿಕದ ಟರ್ಕಿ ವಲ್ಚರ್ ಅನ್ನುವ ರಣಹದ್ದಿನಲ್ಲಿ ಎದೆಸ್ನಾಯುವಿಗೆ ಎರಡು ಪದರ. ಒಳಗಿನ ಪದರದಲ್ಲಿ ನಿಧಾನವಾಗಿ ಕುಗ್ಗುವ, ದಣಿಯದ ಎಳೆಗಳಿವೆ. ಆಲ್ಬಟ್ರಾಸ್ ಕಡಲಹಕ್ಕಿಯ ಹೆಗಲಿನಲ್ಲಿ ನಾರಿನದೇ ಒಂದು ಅಗುಳಿ ಇದೆ. ರೆಕ್ಕೆಯನ್ನು ಪೂರ್ತಿ ಚಾಚಿದಾಗ ಅದು ಬಿಗಿದುಕೊಂಡು, ರೆಕ್ಕೆ ಸಮತಟ್ಟಿಗಿಂತ ಮೇಲೇಳದ ಹಾಗೆ ತಡೆಯುತ್ತದೆ.

2024ರಲ್ಲಿ ಇನ್ನೊಂದು ವಿಷಯ ಹೊರಗೆ ಬಂತು. ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಹಕ್ಕಿಯ ಶ್ವಾಸಕೋಶದಿಂದ ಹೊರಟ ಗಾಳಿಚೀಲಗಳು ಮೈಯೆಲ್ಲ ಹರಡಿರುತ್ತವೆ ಅಂತ ಮೊದಲೇ ಗೊತ್ತಿತ್ತು. ತೇಲಿ ಹಾರುವ ಹಕ್ಕಿಗಳಲ್ಲಿ ಅಂಥ ಒಂದು ಚೀಲ ಎದೆಸ್ನಾಯುವಿಗೂ ಎತ್ತುಸ್ನಾಯುವಿಗೂ ನಡುವೆ ತೂರಿಕೊಂಡಿರುತ್ತದೆ ಅಂತ ಅಮೆರಿಕದ ಸಂಶೋಧಕರು ತೋರಿಸಿದರು. ಬಡಿದು ಬಡಿದು ಹಾರುವ ಹಕ್ಕಿಗಳಲ್ಲಿ ಅದು ಇಲ್ಲ. ಚೀಲ ಊದಿಕೊಂಡಾಗ ಎದೆಸ್ನಾಯು ತುಸು ಹೊರಕ್ಕೆ ಸರಿದು, ಅದರ ಎಳೆತಕ್ಕೆ ಸನ್ನೆಕೋಲಿನ ಬಲ ಹೆಚ್ಚುತ್ತದೆ. ಬಾಗಿಲನ್ನು ಕೀಲಿನ ಹತ್ತಿರ ತಳ್ಳುವುದಕ್ಕೂ ಹಿಡಿಯ ಹತ್ತಿರ ತಳ್ಳುವುದಕ್ಕೂ ಇರುವ ವ್ಯತ್ಯಾಸ. ಉಸಿರಾಟದ ಅಂಗ ಹಾರಾಟಕ್ಕೆ ಹೆಗಲು ಕೊಡುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ಈಗ ನಿಮ್ಮ ತಾರಸಿಯ ಹದ್ದು. ನೀವು ಬರೆದದ್ದು ಓದಿದಾಗಲೇ ನನಗೆ ಅರ್ಥವಾಯಿತು, ಯಾಕೆಂದರೆ ಆಷಾಢದ ಗಾಳಿ ಶುರುವಾದರೆ ಇಂಥ ಹದ್ದುಗಳು ಬರುತ್ತಲೇ ಇರುತ್ತವೆ. ಕೋಳಿಯ ರೆಕ್ಕೆಯನ್ನು ಚರ್ಮ ಸಮೇತ ಬಿಡಿಸಿ ಹಿಡಿದರೆ ಹೆಗಲಿನಿಂದ ಮಣಿಕಟ್ಟಿನವರೆಗೆ, ಮೊಣಕೈ ಮಡಿಕೆಯ ಮುಂದೆ, ತ್ರಿಕೋನದ ಒಂದು ಚರ್ಮದ ಪೊರೆ ಕಾಣುತ್ತದೆ. ನೋಡಲು ಬರೀ ಚರ್ಮ. ಆದರೆ ಅದರ ಮುಂದಿನ ಅಂಚಿನೊಳಗೆ ಹೆಗಲಿನ ಸ್ನಾಯುವೊಂದರಿಂದ ಹೊರಟ, ರಬ್ಬರಿನಂತೆ ಹಿಗ್ಗುವ ಒಂದು ತೆಳ್ಳನೆ ನಾರು ಮಣಿಕಟ್ಟಿನವರೆಗೆ ಓಡುತ್ತದೆ. ರೆಕ್ಕೆ ಚಾಚಿದಾಗ ಗಾಳಿಯನ್ನು ಸೀಳುವ ಅಂಚು ಅದೇ. ಆ ಅಂಚಿನ ಬಾಗಿದ ಆಕಾರದಿಂದಲೇ ರೆಕ್ಕೆಗೆ ಎತ್ತುವ ಬಲ ಸಿಗುತ್ತದೆ. ಟೆಂಟಿನ ಹಗ್ಗ ತುಂಡಾದರೆ ಬಟ್ಟೆ ಜೋಲು ಬೀಳುತ್ತದಲ್ಲ, ಹಾಗೆ ಆ ನಾರು ತುಂಡಾದರೆ ಮುಂದಿನ ಅಂಚು ಸಡಿಲಾಗುತ್ತದೆ. ಎಲುಬು, ಎದೆಸ್ನಾಯು, ಗಡಗಡೆ ಎಲ್ಲ ಸರಿಯಾಗಿದ್ದರೂ ಗಾಳಿ ಆ ರೆಕ್ಕೆಯ ಮೇಲೆ ನಿಲ್ಲುವುದಿಲ್ಲ.

ಗಾಜಿನಪುಡಿ ಮೆತ್ತಿದ ಮಾಂಜಾ ದಾರ ಮೊದಲು ಕೊಯ್ಯುವುದು ಈ ಅಂಚನ್ನೇ, ಯಾಕೆಂದರೆ ಹಾರುವಾಗ ಮುಂದೆ ಇರುವುದು ಅದೇ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಲ್ಲೆಲ್ಲ ನಿಷೇಧಿಸಿದೆ. ಆದರೂ ಸಿಗುತ್ತದೆ, ಅದು ನನಗೆ ತುಂಬಾ ನೋವಿನ ವಿಷಯ. ಹತ್ತಿಯ ದಾರದಲ್ಲೂ ಗಾಳಿಪಟ ಚೆನ್ನಾಗಿಯೇ ಹಾರುತ್ತದೆ. ನಿಮ್ಮ ಬೀದಿಯ ಮಕ್ಕಳಿಗೆ ಆ ತ್ರಿಕೋನದ ಪೊರೆಯನ್ನು ಒಮ್ಮೆ ತೋರಿಸಿ.

ನೀವು ಮಾಡಿದ್ದರಲ್ಲಿ ತಪ್ಪು ಅಂತ ಹೇಳಲು ನನಗೆ ಮನಸ್ಸಿಲ್ಲ, ಪ್ರೀತಿಯಿಂದಲೇ ನೋಡಿಕೊಂಡಿದ್ದೀರಿ. ಆದರೆ ಮುಂದಿನ ಸಲಕ್ಕೆ ತಿಳಿದಿರಲಿ. ತುಂಡಾದ ನಾರಿನ ಎರಡು ತುದಿಗಳು ರಬ್ಬರಿನ ಹಾಗೆ ಹಿಂದಕ್ಕೆ ಸರಿದುಬಿಡುತ್ತವೆ. ಗಂಟೆಗಳೊಳಗೆ ಹುಡುಕಿ ಹೊಲಿದರೆ ಉಳಿಯುವ ಅವಕಾಶ ಇದೆ. ಒಣಗಿದರೆ ಕಷ್ಟ. ಎರಡು ವಾರ ಸುತ್ತಿಟ್ಟಾಗ ನಿಮ್ಮ ಹದ್ದಿನ ಚರ್ಮ ಕೂಡಿಕೊಂಡಿತು, ನಾರು ಕೂಡಲಿಲ್ಲ. ಚರ್ಮ ಸುಕ್ಕುಗಟ್ಟಿ ಮಾಯ್ದಿದ್ದರಿಂದ ರೆಕ್ಕೆ ಪೂರ್ತಿ ಚಾಚಲೂ ಆಗುತ್ತಿರಲಿಲ್ಲ. ಹಾಗಾಗಿ ಎಲುಬು ಮುರಿದಿಲ್ಲ, ಗಾಯ ಸಣ್ಣದು ಅಂತ ತಡ ಮಾಡಬೇಡಿ. ಅದೇ ದಿನ ಅರಣ್ಯ ಇಲಾಖೆಗೋ ಹಕ್ಕಿಗಳಿಗೆ ಚಿಕಿತ್ಸೆ ಮಾಡುವ ಕೇಂದ್ರಕ್ಕೋ ಫೋನ್ ಮಾಡಿ. ದಾರ ಸುತ್ತಿಕೊಂಡಿದ್ದರೆ ಎಳೆಯಬೇಡಿ, ಹಕ್ಕಿಯಿಂದ ಒಂದು ಗೇಣು ದೂರದಲ್ಲಿ ಕತ್ತರಿಸಿ ಹಾಗೇ ಬಿಡಿ. ಗಾಯಕ್ಕೆ ಅರಿಶಿನ, ಎಣ್ಣೆ ಬೇಡ, ಗರಿಗೆ ಅಂಟಿದರೆ ಬಿಡುವುದಿಲ್ಲ. ನೀರು ಸುರಿಯಬೇಡಿ. ಹದ್ದಿನ ತೋಳೆಲುಬು ಟೊಳ್ಳು, ಗಾಳಿಚೀಲದ ಜೊತೆ ಸೇರಿಕೊಂಡಿದೆ. ಅದು ಒಡೆದಿದ್ದರೆ ನೀರು ಉಸಿರಾಟದ ದಾರಿಗೇ ಇಳಿಯಬಹುದು. ಬಾಯಿಗೂ ನೀರು ಹಾಕಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಎದೆಯ ಸುತ್ತ ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ನಮ್ಮ ಹಾಗೆ ಹಕ್ಕಿಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯುವಿನ ಪರದೆ, ಇಲ್ಲ. ಅದು ಎದೆಯೆಲುಬನ್ನು ಮೇಲೆ ಕೆಳಗೆ ಆಡಿಸಿಯೇ ಉಸಿರಾಡುತ್ತದೆ. ಎದೆ ಒತ್ತಿ ಹಿಡಿದರೆ ಕೈಯಲ್ಲೇ ಉಸಿರು ನಿಲ್ಲುತ್ತದೆ. ದಪ್ಪ ಟವೆಲ್ಲನ್ನು ಮೇಲಿನಿಂದ ಹಾಕಿ, ಎರಡು ರೆಕ್ಕೆಗಳನ್ನೂ ಮೈಗೆ ಸೇರಿಸಿ, ಕಾಲಿನ ಉಗುರುಗಳ ಕಡೆ ಎಚ್ಚರ ಇಟ್ಟು ಎತ್ತಿಕೊಳ್ಳಿ. ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು, ಮುಚ್ಚಿ, ಸದ್ದಿಲ್ಲದ ಕತ್ತಲೆ ಕೋಣೆಯಲ್ಲಿ ಬಿಡಿ. ಕರೆದುಕೊಂಡು ಹೋಗುವವರು ಬಂದಾಗ ದಾರ ಎಷ್ಟು ಹೊತ್ತಿಗೆ ತಗುಲಿತು ಅನ್ನುವುದನ್ನು ಮರೆಯದೆ ಹೇಳಿ. ನಾರನ್ನು ಹೊಲಿಯಬಹುದೋ ಇಲ್ಲವೋ ಅಂತ ಡಾಕ್ಟರು ನೋಡುವ ಮೊದಲ ಲೆಕ್ಕ ಅದೇ.